ಕನ್ನಡಿಗೆ ಕಾಣದ ತೊಡೆ

ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ಫುಟ್‌ಬಾಲ್ ಆಡುವವರಿಗೆ ಸಂಬಳದ ಕೋಚ್ ಅಪರೂಪ, ಫಿಸಿಯೊ ಅಂತೂ ದೂರದ ಮಾತು. ಕಾಲೇಜು ಮುಗಿಸಿಯೋ ಅಂಗಡಿ ಮುಚ್ಚಿಯೋ ಸಂಜೆ ಮೈದಾನಕ್ಕೆ ಬರುವವರು ಇವರು. ಮೈಗೆ ಬಲ ಬೇಕೆಂದರೆ ಇರುವುದು ಎರಡು ದಾರಿ: ದುಡ್ಡು ಕೊಟ್ಟು ಹೋಗುವ ಜಿಮ್ಮು, ಪುಕ್ಕಟೆ ಸಿಗುವ ‘ಫಿಫಾ 11+’ ಎಂಬ ವ್ಯಾಯಾಮ ಸರಣಿ.

2006ರಲ್ಲಿ ರೂಪುಗೊಂಡ ಈ 11+ನಲ್ಲಿ 15 ವ್ಯಾಯಾಮಗಳಿವೆ. 8 ನಿಮಿಷ ಓಟ, 10 ನಿಮಿಷ ಬಲ, ನೆಗೆತ, ಸಮತೋಲ, ಕೊನೆಗೆ 2 ನಿಮಿಷ ಬಿರುಸಿನ ಓಟ. ಖರ್ಚಿಲ್ಲ. ಇದರ ಜೀವವೆಲ್ಲ ಇರುವುದು ಒಂದೇ ವ್ಯಾಯಾಮದಲ್ಲಿ ಎಂದು ನನ್ನ ಎಣಿಕೆ. ಮಂಡಿಯೂರಿದವನ ಹಿಮ್ಮಡಿಗಳನ್ನು ಜೊತೆಗಾರ ಒತ್ತಿ ಹಿಡಿಯುತ್ತಾನೆ. ಇವನು ಸೊಂಟ ಬಗ್ಗಿಸದೆ, ಹಲಗೆಯಂತೆ, ಮೆಲ್ಲಗೆ ಮುಂದಕ್ಕೆ ವಾಲಬೇಕು. ತೊಡೆಯ ಹಿಂಭಾಗದ ಸ್ನಾಯು ಬೀಳುವ ಮೈಯನ್ನು ತಡೆಯುತ್ತಲೇ ಹಿಗ್ಗುತ್ತದೆ. ಪೂರಾ ವೇಗದ ಓಟದಲ್ಲಿ ಕಾಲು ಮುಂದಕ್ಕೆ ಚಾಚಿದಾಗಲೂ ಅದಕ್ಕೆ ಇದೇ ಕೆಲಸ. ಅದು ಹರಿಯುವುದೂ ಹೆಚ್ಚಾಗಿ ಆಗಲೇ. ಹೊಸಬರಿಗೆ 3ರಿಂದ 5 ಸಲ ಸಾಕು ಎನ್ನುತ್ತದೆ ಕೈಪಿಡಿ. ಅಷ್ಟಕ್ಕೇ ಮರುದಿನ ಬಗ್ಗಿ ಷೂ ಲೇಸು ಕಟ್ಟುವಾಗ ಜೀವ ಬಾಯಿಗೆ ಬರುತ್ತದೆ.

ಆಟಗಾರ ಮೋಸಹೋಗುವುದು ಇಲ್ಲೇ. ನೋವು ಬಂತು, ಆಟ ಕೆಟ್ಟಿತು ಎಂದು ಬಿಟ್ಟುಬಿಡುತ್ತಾನೆ. ಅತ್ತ ಜಿಮ್ಮಿನ ಕನ್ನಡಿ ಮುಂದೆ ಎದೆ, ತೋಳು ಮಾಡಿದವನು ಮೂರೇ ವಾರಕ್ಕೆ ‘ಪವರ್ ಬಂತು ಮಗಾ’ ಅನ್ನುತ್ತಾನೆ. ಅದು ಪೂರ್ತಿ ಸುಳ್ಳಲ್ಲ. ಸ್ನಾಯು ದಪ್ಪವಾಗುವ ಮೊದಲೇ ನರಗಳು ಅದನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ, ಬಲ ನಿಜಕ್ಕೂ ಏರುತ್ತದೆ. ಆದರೆ ತೋಳಿಗೆ ಬಂದ ಬಲ ಚೆಂಡಿನ ಹಿಂದೆ ಓಡುವುದಿಲ್ಲ. ನಾರ್ವೆಯ ರೋಸೆನ್‌ಬೋರ್ಗ್ ತಂಡದ 17 ಆಟಗಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓಟದ ವೇಗಕ್ಕೂ ನೆಗೆತದ ಎತ್ತರಕ್ಕೂ ತಾಳೆಯಾದದ್ದು ಭಾರ ಹೊತ್ತು ಅರ್ಧ ಕೂತು ಏಳುವ ಬಲ.

11+ ಸೋಲುವುದೂ ಈ ಭಾರದ ವಿಚಾರದಲ್ಲೇ. ಅದರ ಹುಟ್ಟು ಗಾಯ ತಡೆಯಲು. ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇದನ್ನು ಮಾಡಿದ ನಾರ್ವೆಯ 13ರಿಂದ 17 ವಯಸ್ಸಿನ ಹುಡುಗಿಯರಲ್ಲಿ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದು 2008ರಲ್ಲಿ ದಾಖಲಾಯಿತು. ಬಲ ಬೆಳೆಸಲು ಮಾತ್ರ ಅದು ಕೊಡುವುದು ಅವರವರ ಮೈಭಾರ, ಕೊನೆಯ ಹಂತದಲ್ಲಿ ಒಂಟಿಕಾಲ ಬಸ್ಕಿ. ತೆಂಗಿನಕಾಯಿ ಮೂಟೆ ಹೊತ್ತು ಬೆಳೆದ ಅರಸೀಕೆರೆ ಕಡೆಯ ಹುಡುಗನಿಗೆ ಅದು ಎಷ್ಟು ದಿನದ ಸವಾಲು?

ಹಾಗೆಂದು ಗರಡಿಮನೆಗೆ ಮರಳಿದರೆ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ವಿಷ್ಣುವರ್ಧನ ಬೇಲೂರಿನ ದೇಗುಲ ಕಟ್ಟಿಸಿದ ಕಾಲಘಟ್ಟದಲ್ಲೇ ಚಾಲುಕ್ಯ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆ ಭಾರದ ಸಾಧನೆ, ನಡಿಗೆ, ಈಜು ಎಂದು ಬೇರೆಬೇರೆ ಶ್ರಮಗಳನ್ನು ಹೇಳಿದ್ದ. ಆ ವಿಂಗಡಣೆ ಮರೆತು ಬರೀ ಬಸ್ಕಿಯ ಲೆಕ್ಕ ಏರಿಸಿದರೆ ಬೆಳೆಯುವುದು ದಮ್ಮು. ಬಲ ಬೇಕಿದ್ದರೆ ಮರಳಿನ ಮೂಟೆ ಹೆಗಲಿಗೇರಿಸಿ ಐದಾರು ಸಲ ಕೂತೇಳಬೇಕು, ಆಮೇಲೆ ಮೂಟೆಗೆ ಮರಳು ಸೇರಿಸಬೇಕು. ಹಿಂಬದಿ ತೊಡೆಗೆ 11+ನ ಆ ವಾಲುವ ವ್ಯಾಯಾಮ ಇದ್ದೇ ಇದೆ, ಮ್ಯಾಚಿನ ಹಿಂದಿನ ದಿನ ಬೇಡ ಅಷ್ಟೇ.

ಫಲ ಬಂತೋ ಇಲ್ಲವೋ ನೋಡಲು 30 ಮೀಟರ್ ಓಟವನ್ನು ಫೋನಿನಲ್ಲಿ ಚಿತ್ರಿಸಿ ಸಮಯ ತೆಗೆಯಬಹುದು. ಓಡಿ ಬಂದವನು ಕಳೆದ ಸಲಕ್ಕಿಂತ ಜೋರಾಗಿ ಓಡಿದೆನೋ ಇಲ್ಲವೋ ಎಂದು ಮೊದಲು ತಾನೇ ಹೇಳಲಿ. ಫೋನು ತೋರಿಸುವುದು ಅದಾದ ಮೇಲೆ.