ಚಿಪ್ಪಿಂಗ್ ಕ್ಯಾಂಪ್ಡನ್ನಿನ ಸಂತೆಮಂಟಪ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ, ಕಾಟ್ಸ್‌ವೋಲ್ಡ್ ಗುಡ್ಡಗಳ ಉತ್ತರದಂಚಿನಲ್ಲಿರುವ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಂತೆಯೂರಿಗೆ ವಾಸ್ತುರಸಿಕರು ಹೋಗುವುದು ಸಾಮಾನ್ಯವಾಗಿ ಸೇಂಟ್ ಜೇಮ್ಸ್ ಚರ್ಚಿನ ಗೋಪುರವನ್ನು ನೋಡುವುದಕ್ಕೆ, ಇಲ್ಲವೆ ಉಣ್ಣೆಯ ವ್ಯಾಪಾರದಿಂದ ಕುಬೇರನಾದ ವಿಲಿಯಂ ಗ್ರೆವೆಲ್ 14ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮನೆಯ ಗವಾಕ್ಷವನ್ನು ಮೆಚ್ಚುವುದಕ್ಕೆ. ಅವೆರಡೂ ಪ್ರಶಂಸಾರ್ಹವೇ. ಆದರೂ ನನ್ನ ಪಕ್ಷಪಾತವೆಲ್ಲ ಹೈ ಸ್ಟ್ರೀಟಿನ ನಡುವೆ ಬೀದಿಯ ಮನೆಗಳಿಂದ ಬಿಡಿಯಾಗಿ ನಿಂತಿರುವ ಸಂತೆಮಂಟಪದ ಕಡೆಗೆ.

1627ರಲ್ಲಿ ಅದನ್ನು ಕಟ್ಟಿಸಿದ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಲಂಡನ್ನಿನ ಜವಳಿ ವರ್ತಕ. ಒಂದನೆಯ ಜೇಮ್ಸ್ ದೊರೆಗೆ ಪಟ್ಟೆಪೀತಾಂಬರಗಳನ್ನೂ ಅವುಗಳೊಡನೆ ಸಾಲವನ್ನೂ ಒದಗಿಸಿ ಶ್ರೀಮಂತನಾದವನು. ಇದೇ ಊರಿನಲ್ಲಿ 1612ರಲ್ಲಿ ಹನ್ನೆರಡು ಮಂದಿ ಬಡವರಿಗಾಗಿ ಅವನು ಕಟ್ಟಿಸಿದ ಆಶ್ರಯಗೃಹಗಳಿಗೆ 1,000 ಪೌಂಡು ಹಿಡಿಯಿತಂತೆ; ಬೆಣ್ಣೆ, ಚೀಸು, ಕೋಳಿಗಳನ್ನು ಮಾರಬರುವ ಹಳ್ಳಿಗರ ತಲೆಯ ಮೇಲೊಂದು ಸೂರಾಗಲೆಂದು ಎತ್ತಿಸಿದ ಈ ಮಂಟಪಕ್ಕೆ ಬರಿಯ 90 ಪೌಂಡು.

ಈ ಮಿತವ್ಯಯವೇ ಕಟ್ಟಡದ ಭಾಗ್ಯವಾಯಿತೆಂದು ನನ್ನ ಮತ. ಮಾರುವವರಿಗೆ ಬೇಕಾದುದು ಮಳೆಗೆ ಮರೆ, ಸರಕಿನ ಮೇಲೆ ಬೆಳಕು, ಕೊಳ್ಳುವವರಿಗೆ ನಾಲ್ಕು ಕಡೆಯಿಂದಲೂ ದಾರಿ. ಇಷ್ಟನ್ನು ಅರಿತ ಕಲ್ಲುಕುಟಿಗನು ಗೋಡೆಯೆಂಬುದನ್ನೇ ಕೈಬಿಟ್ಟು, ಉದ್ದದ ಬದಿಗಳಲ್ಲಿ ಐದೈದು, ಅಡ್ಡಬದಿಗಳಲ್ಲಿ ಎರಡೆರಡು ಅರ್ಧವೃತ್ತಾಕಾರದ ಕಮಾನುಗಳನ್ನು ನಿಲ್ಲಿಸಿದನು. ಎರಡೇ ಕಮಾನುಗಳೆಂದ ಮೇಲೆ ಅಡ್ಡಬದಿಯ ನಟ್ಟನಡುವೆ ಕಂಬವೊಂದು ಎದುರಾಗುವುದು ಅನಿವಾರ್ಯ. ಲಂಡನ್ನಿನಲ್ಲಿ ಅದಕ್ಕೆ ಐದೇ ವರ್ಷ ಮುಂಚೆ ಬ್ಯಾಂಕ್ವೆಟಿಂಗ್ ಹೌಸನ್ನು ಮುಗಿಸಿದ್ದ, ಇಟಲಿಯ ಶಾಸ್ತ್ರದಲ್ಲಿ ನುರಿತ ಇನಿಗೋ ಜೋನ್ಸನು ಇದನ್ನು ಕಂಡಿದ್ದರೆ ಹುಬ್ಬುಗಂಟಿಕ್ಕುತ್ತಿದ್ದನೇನೋ. ಏಕೆಂದರೆ ಆ ಶಾಸ್ತ್ರದ ಪ್ರಕಾರ ಮಧ್ಯದಲ್ಲಿರಬೇಕಾದುದು ತೆರವು, ಕಂಬವಲ್ಲ. ನಮ್ಮ ಕುಟಿಗನಿಗೆ ಕಮಾನಿನ ರೂಪ ದೂರದಿಂದ ತೇಲಿಬಂದಿತ್ತು, ಅದರ ವಿಧಿನಿಷೇಧಗಳು ಬಂದಿರಲಿಲ್ಲ. ಆದುದರಿಂದಲೇ ಕೆಳಗೆ ರೋಮಿನ ಕಮಾನು, ಮೇಲೆ ಕಾಟ್ಸ್‌ವೋಲ್ಡಿನ ರೈತನ ಮನೆಗಿರುವಂಥದೇ ಕಡಿದಾದ ತ್ರಿಕೋನ ಮುಖ, ಯಾವ ಸಂಕೋಚವೂ ಇಲ್ಲದೆ ಒಂದುಗೂಡಿವೆ.

ಆದರೆ ಬೀದಿಯಿಂದಲೇ ನೋಡಿ ತೃಪ್ತರಾಗುವವರು ಅರ್ಧವನ್ನು ಮಾತ್ರ ಕಂಡಂತೆ. ಒಳಹೊಕ್ಕು ತಲೆಯೆತ್ತಿದರೆ, ಮುಚ್ಚುಹಲಗೆಯ ಹಂಗಿಲ್ಲದೆ, ಚಾವಣಿಯ ತೊಲೆಜಂತೆಗಳೆಲ್ಲವೂ ಬಿಚ್ಚಿಟ್ಟ ಲೆಕ್ಕದಂತೆ ಕಾಣಿಸುತ್ತವೆ. ಆ ಮರವು ಹೊತ್ತಿರುವುದು ಹಗುರವಾದ ಹೊರೆಯನ್ನಲ್ಲ. ಈ ಸೀಮೆಯ ಹೊದಿಕೆ ಸುಣ್ಣಕಲ್ಲಿನ ಬಿಲ್ಲೆಗಳದು. ಓಕ್ ಮರದ ಗೂಟಗಳಿಂದ ರೀಪಿಗೆ ತೂಗುಹಾಕುವ ಈ ಬಿಲ್ಲೆಗಳಲ್ಲಿ ದೊಡ್ಡವು ಸೂರಿನಂಚಿಗೆ, ಚಿಕ್ಕವು ನೆತ್ತಿಗೆ ಬರುವಂತೆ ಜೋಡಿಸುವುದು ಅಲ್ಲಿನವರ ಪದ್ಧತಿ. ಮೇಲಿನಿಂದ ಹರಿದು ಬರುವ ನೀರೆಲ್ಲ ಸೂರಿನಲ್ಲಿ ಸೇರುವುದರಿಂದ ಅಲ್ಲಿ ಬಿಲ್ಲೆ ದೊಡ್ಡದಾಗಿ, ಸಂದು ಕಡಿಮೆಯಾಗಿರುವುದೇ ಕ್ಷೇಮ. ಕಣ್ಣಿಗೆ ಸೊಗಸೂ ಅದರಿಂದಲೇ ಒದಗಿತು. ಕಾಲಡಿಯ ಕಲ್ಲುಗಳಂತೂ ಏರುತಗ್ಗಾಗಿ ಸವೆದಿವೆ.

ಹಳ್ಳಿಗರಿಗಾಗಿ ಎತ್ತಿಸಿದ ಈ ಮಂಟಪ ಹೀಗೆ ಉಳಿದಿದ್ದರೆ, ಹಿಕ್ಸನು ಇದೇ ಊರಿನಲ್ಲಿ ತನಗಾಗಿ ಕಟ್ಟಿಸಿಕೊಂಡಿದ್ದ ಭವನವು ಅಂತರ್ಯುದ್ಧದ ಕಾಲದಲ್ಲಿ, 1645ರಲ್ಲಿ, ರಾಜಪಕ್ಷದ ಸೈನಿಕರ ಕೈಯಲ್ಲೇ ಸುಟ್ಟುಹೋಯಿತು. ಉದ್ಯಾನದ ಎರಡು ಭೋಜನಮಂದಿರಗಳು ಮತ್ತು ಹೆಬ್ಬಾಗಿಲು ಉಳಿದುಕೊಂಡವು.

1902ರಲ್ಲಿ ವಾಸ್ತುಶಿಲ್ಪಿ ಸಿ. ಆರ್. ಆ್ಯಶ್‌ಬೀ ತನ್ನ ಕುಶಲಕರ್ಮಿಗಳ ಸಂಘವನ್ನು ಲಂಡನ್ನಿನಿಂದ ಈ ಊರಿಗೆ ಕರೆತಂದನು. ಅವನ ಸ್ನೇಹದಿಂದ ಆನಂದ ಕುಮಾರಸ್ವಾಮಿಯವರೂ ನೆರೆಯ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ ನೆಲೆಸಿ, ಸಿಂಹಳದ ಮಧ್ಯಯುಗೀನ ಕಲೆಯನ್ನು ಕುರಿತ ತಮ್ಮ ಮಹಾಗ್ರಂಥವನ್ನು ಅಲ್ಲಿಯೇ 1908ರಲ್ಲಿ ಅಚ್ಚುಮಾಡಿಸಿದರು. ಕುಶಲಿಯ ಕೈಯಲ್ಲಿ ಉಪಯೋಗವೂ ಸೌಂದರ್ಯವೂ ಬೇರೆಯಾಗವೆಂದು ಜೀವನಪರ್ಯಂತ ವಾದಿಸಿದ ಆ ಮಹನೀಯರಿಗೆ ಈ ಮಂಟಪವು ನಡೆದು ಹೋಗುವಷ್ಟೇ ದೂರದಲ್ಲಿದ್ದುದು ನನಗೆ ಬಲು ಸಂತೋಷದ ಸಂಗತಿ.

1940ರ ದಶಕದಲ್ಲಿ ಈ ಮಂಟಪವನ್ನು ಅಮೆರಿಕಕ್ಕೆ ಮಾರುವ ಯೋಚನೆ ಹುಟ್ಟಿದಾಗ ಊರವರು ಹಣ ಕೂಡಿಸಿ ಕೊಂಡು, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಕಲ್ಲುಗಳಿಗೆ ಅಂಕಿ ಹಾಕಿ ಹಡಗಿಗೇರಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಗೋಡೆಯಿಲ್ಲದ ಕಟ್ಟಡಕ್ಕೆ ಎದುರು ಸಾಲಿನ ಮನೆಗಳೇ ಭಿತ್ತಿಚಿತ್ರವಾಗಿರುವಾಗ, ಅವನ್ನು ಯಾವ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು?