ಪೂರ್ವಜರ ಭಾಷೆ, ನೆಲದ ಭಾಷೆ: ಮಾರಿಷಸ್ ಸಾಹಿತ್ಯದ ಒಂದು ಬಿಕ್ಕಟ್ಟು

ಮಾರಿಷಸ್ ದ್ವೀಪದಲ್ಲಿ ಮೂಲನಿವಾಸಿಗಳಿರಲಿಲ್ಲ. ಡಚ್ಚರು, ಫ್ರೆಂಚರು, ಆಫ್ರಿಕಾ ಮತ್ತು ಮಡಗಾಸ್ಕರ್‌ಗಳಿಂದ ತರಲಾದ ಗುಲಾಮರು, 1834ರಿಂದ ಕರಾರು ಕೂಲಿಗಳಾಗಿ ಬಂದಿಳಿದ ಹತ್ತಿರಹತ್ತಿರ ಐದು ಲಕ್ಷ ಭಾರತೀಯರು, ಚೀನೀ ವರ್ತಕರು, ಹೀಗೆ ಎಲ್ಲರೂ ಹೊರಗಿನವರೇ. ಆದುದರಿಂದ ಅಲ್ಲಿ ಯಾವ ಭಾಷೆ ನೆಲದ್ದು ಎಂಬ ಪ್ರಶ್ನೆಗೆ ಪ್ರಾಚೀನತೆಯ ಆಧಾರದಿಂದ ಉತ್ತರ ಹೇಳಲು ಬಾರದು. ಈ ತೊಡಕು ಅಲ್ಲಿನ ಇಬ್ಬರು ಲೇಖಕರಲ್ಲಿ ಎರಡು ಬಗೆಯಾಗಿ ಪ್ರಕಟವಾಗಿದೆ.

ಅಭಿಮನ್ಯು ಅನತ್ (1937-2018) ಹಿಂದಿಯಲ್ಲಿ ಬರೆದ ‘ಲಾಲ್ ಪಸೀನಾ’ (1977) ಕಬ್ಬಿನ ತೋಟಗಳ ಕೂಲಿಗಳ ಶೋಷಣೆ ಮತ್ತು ಪ್ರತಿರೋಧವನ್ನು ಚಿತ್ರಿಸುವ ಕಾದಂಬರಿ. ಅದರ ನೈತಿಕ ಬಲ ಪ್ರಶ್ನಾತೀತವಾದುದು. ಆದರೆ ಬಿಹಾರದ ಕಡೆಯಿಂದ ಬಂದ ಕೂಲಿಗಳ ಆಡುಮಾತು ಭೋಜಪುರಿ. ಕಾದಂಬರಿಯ ಹಿಂದಿಯಾದರೋ ಬೈಠಕುಗಳಲ್ಲಿ ಕಲಿತು ಗಳಿಸಿದ ಭಾಷೆ. ಅನತ್ ಅವರ ಹಿಂದಿಯನ್ನು ವಂಶಪಾರಂಪರ್ಯದ ಆಸ್ತಿಯೆಂದು ಹೊಗಳುವ ಭಾರತೀಯ ವಿಮರ್ಶಕರು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತೆಲುಗು ಮೂಲದ ಮನೆತನದ ದೇವ್ ವೀರಸಾಮಿ (1942-2023) ಆರಿಸಿಕೊಂಡದ್ದು ತೆಲುಗನ್ನಲ್ಲ, ಗುಲಾಮಗಿರಿಯ ತೋಟಗಳಲ್ಲಿ ಹುಟ್ಟಿದ ಕ್ರಿಯೋಲನ್ನು. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕವನ್ನು ಮರುಕಟ್ಟಿದ ಅವರ ‘ತೂಫಾನ್’ (1991) ನಾಟಕದಲ್ಲಿ ಕಾಲಿಬಾನ್ ರಾಕ್ಷಸನಲ್ಲ. ಮಿಶ್ರಸಂತಾನದ ಚತುರ ತಂತ್ರಜ್ಞ. ಪ್ರಾಸ್ಪೆರೊವಿನ ಮಗಳು ಒಲಿಯುವುದೂ ಅವನಿಗೇ, ರಾಜ್ಯ ದಕ್ಕುವುದೂ ಅವನಿಗೇ. ಬೆರಕೆಯೆಂದು ಹೀಗಳೆಯಲ್ಪಟ್ಟವನೇ ಇಲ್ಲಿ ನಿಜವಾದ ವಾರಸುದಾರ. ಭಾಷೆಯ ಆಯ್ಕೆ ಮತ್ತು ಕಥಾವಸ್ತು ಒಂದೇ ವಾದವಾಗಿರುವುದರಿಂದ, ಮಾರಿಷಸ್ಸಿನ ಬಹುತ್ವವನ್ನು ಅರಿಯಲು ‘ಲಾಲ್ ಪಸೀನಾ’ಕ್ಕಿಂತ ಈ ನಾಟಕ ಹೆಚ್ಚು ದೂರ ಕರೆದೊಯ್ಯುತ್ತದೆ.

ಪ್ರಭುತ್ವದ ಲೆಕ್ಕಾಚಾರವೇ ಬೇರೆ. ಸಂವಿಧಾನ ಗುರುತಿಸುವ ಸಮುದಾಯಗಳು ನಾಲ್ಕು: ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಇವುಗಳಿಗೆ ಸೇರದ ‘ಸಾಮಾನ್ಯ ಜನತೆ’. ಗುಲಾಮರ ಸಂತತಿಯವರೂ ಅವರ ಒಡೆಯರಾಗಿದ್ದ ಬಿಳಿಯರ ಸಂತತಿಯವರೂ ಈ ಕೊನೆಯ ವರ್ಗದಲ್ಲಿ ಒಟ್ಟಿಗಿದ್ದಾರೆ! 1998ರಲ್ಲಿ ಹೊಸ ನೋಟುಗಳ ಮೇಲೆ ಹಿಂದಿಯನ್ನು ತಮಿಳಿಗಿಂತ ಮೇಲೆ ಮುದ್ರಿಸಿದ್ದಕ್ಕೆ ಪ್ರತಿಭಟನೆಗಳಾಗಿ ಆ ನೋಟುಗಳನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಹಿಂದಿ ತಮಿಳುಗಳ ಈ ಜಗಳದ ನಡುವೆ, ಎರಡೂ ಪಕ್ಷದವರು ಮನೆಯಲ್ಲಿ ಆಡುವ ಕ್ರಿಯೋಲ್ ನೋಟಿನ ಮೇಲೆ ಎಲ್ಲಿಯೂ ಇರಲಿಲ್ಲ.

2011ರ ಜನಗಣತಿಯಂತೆ ಸುಮಾರು ಶೇ. 84ರಷ್ಟು ಜನರ ಮನೆಮಾತು ಕ್ರಿಯೋಲ್. ಭೋಜಪುರಿಯ ಪಾಲು ಸುಮಾರು ಶೇ. 5. ಮರುವರ್ಷ, 2012ರಲ್ಲಿ, ಕ್ರಿಯೋಲ್ ಪ್ರಾಥಮಿಕ ಶಾಲೆಗಳನ್ನು ಪ್ರವೇಶಿಸಿತು. ಆದರೆ ಅದು ಬಂದದ್ದು ಎಲ್ಲರ ಭಾಷೆಯಾಗಿ ಅಲ್ಲ. ಹಿಂದಿ, ಉರ್ದು, ತಮಿಳು, ತೆಲುಗು, ಮರಾಠಿಗಳ ಸಾಲಿನಲ್ಲಿ ಮಗು ಆರಿಸಿಕೊಳ್ಳಬಹುದಾದ ಮತ್ತೊಂದು ಐಚ್ಛಿಕ ವಿಷಯವಾಗಿ.