ರೋಗಶೋಧನೆಯಲ್ಲಿ ಸೇನೆಯ ಪಾಲು: ಒಂದು ವಿವೇಚನೆ

ತುಂಗಭದ್ರೆಯ ಕಾಲುವೆಯ ನೀರು ಸಿರುಗುಪ್ಪದ ಎರೆಭೂಮಿಗೆ ಹರಿದ ಮೇಲೆ ಆ ಸೀಮೆಯು ಭತ್ತದ ಕಣಜವೆನಿಸಿತು. ನೀರು ನಿಂತ ಗದ್ದೆ, ಗದ್ದೆಯಲ್ಲಿ ಮೇಯುವ ಬೆಳ್ಳಕ್ಕಿ, ಊರಂಚಿನ ಹಂದಿ, ಮುಸ್ಸಂಜೆಗೆ ಏಳುವ ಸೊಳ್ಳೆ, ಈ ನಾಲ್ಕೂ ಕೂಡಿದೆಡೆ ಮೆದುಳು ಜ್ವರದ ವೈರಾಣುವಿಗೆ ನೆಲೆಯೊದಗುತ್ತದೆ. ವೈದ್ಯರು ಜಪಾನೀಸ್ ಎನ್ಸೆಫಲೈಟಿಸ್ ಎಂದು ಕರೆಯುವ ಈ ರೋಗದ ಬಾಧೆ ಹೆಚ್ಚಾಗಿ ಮಕ್ಕಳಿಗೆ. ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆದರೆ ರೋಗವು ಮೆದುಳಿಗೇರಿದರೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿ ಸಾಯುವುದುಂಟು, ಬದುಕಿದವರಲ್ಲಿ ಅನೇಕರಿಗೆ ಶಾಶ್ವತವಾದ ಊನವುಳಿಯುವುದುಂಟು. ಇದನ್ನು ಗುಣಪಡಿಸುವ ಔಷಧವಿಲ್ಲ, ಲಸಿಕೆಯುಂಟು. 2006ರಲ್ಲಿ ಭಾರತ ಸರ್ಕಾರವು ಈ ಲಸಿಕೆಯನ್ನು ಮೊದಲ ಹಂತದಲ್ಲಿ ದೇಶದ ಹನ್ನೊಂದು ಜಿಲ್ಲೆಗಳ ಮಕ್ಕಳಿಗೆ ಹಾಕಿಸಿದಾಗ ಕರ್ನಾಟಕದಿಂದ ಆಯ್ಕೆಯಾದುದು ಬಳ್ಳಾರಿ ಜಿಲ್ಲೆಯೊಂದೇ. ಲಸಿಕೆ ಬಂದುದು ಚೀನಾದಿಂದ.

ಅದೇ ವರ್ಷ ಗ್ವಾಲಿಯರ್‌ನಲ್ಲಿರುವ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ಪ್ರಯೋಗಾಲಯವು ಎರಡು ಅಧ್ಯಯನಗಳನ್ನು ಪ್ರಕಟಿಸಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಹಬ್ಬಿದ ಮೆದುಳು ಜ್ವರದ ವೈರಾಣು ಯಾವ ತಳಿಯದೆಂಬುದನ್ನು ಒಂದು ನಿರ್ಣಯಿಸಿತು. ಆ ವೈರಾಣುವನ್ನು ಬೇಗನೆ ಗುರುತಿಸುವ ಪರೀಕ್ಷಾ ವಿಧಾನವನ್ನು ಇನ್ನೊಂದು ವಿವರಿಸಿತು. ಸೈನಿಕನನ್ನು ರೋಗಾಸ್ತ್ರದಿಂದ ಕಾಪಾಡುವುದು ಆ ಪ್ರಯೋಗಾಲಯದ ಹೊಣೆಗಳಲ್ಲೊಂದು. ಅಲ್ಲಿ ಬೆಳೆದ ವಿದ್ಯೆಯು ನಾಗರಿಕ ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ರೋಗವನ್ನರಿಯಲು ನೆರವಾಯಿತು.

ಇಂತಹ ಸಹಕಾರವನ್ನು ಕುರಿತು ಅಹಿಂಸಾಧರ್ಮೀಯರಲ್ಲಿ ಎರಡು ಅಭಿಪ್ರಾಯಗಳು ಸಾಧ್ಯ. ಶಸ್ತ್ರವನ್ನು ಕಾಯಕವಾಗಿಸಿಕೊಂಡವರ ಕೈ ತಾಗಿದ ವಿದ್ಯೆಯೆಲ್ಲ ಹಿಂಸಾದೂಷಿತವೆಂಬುದು ಒಂದು. ದೇಶರಕ್ಷಣೆಗಾಗಿ ನಡೆಯುವ ಕಾರ್ಯವನ್ನು ಪ್ರಶ್ನಿಸುವುದೇ ಅನುಚಿತವೆಂಬುದು ಮತ್ತೊಂದು. ಎರಡೂ ಏಕಾಂತದೃಷ್ಟಿಗಳು. ಇವುಗಳ ಬಲಾಬಲವನ್ನು ಪರೀಕ್ಷಿಸಲು ಕನ್ನಡ ನಾಡಿನ ನೆಲದಲ್ಲೇ ಮೊದಲಾದ ಒಂದು ಪ್ರಕರಣವುಂಟು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು; ಹಿಂದೆಯೇ ಕಾಡಿಗೆ ಸೌದೆ ಸೊಪ್ಪಿಗೆಂದು ಹೋಗುತ್ತಿದ್ದ ಜನರು ಜ್ವರದಿಂದ ಮಲಗಿದರು. ಮಂಗನ ಕಾಯಿಲೆಯೆಂದು ಇಂದಿಗೂ ಮಲೆನಾಡು ಅಂಜುವ ಆ ರೋಗದ ವೈರಾಣುವನ್ನು ಕಂಡುಹಿಡಿದುದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳು 1952ರಲ್ಲಿ ಅದನ್ನು ಕೂಡಿ ಸ್ಥಾಪಿಸಿದ್ದವು. ಹೊಸ ವೈರಾಣುವು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ವೈರಾಣುವಿನ ಹತ್ತಿರದ ಸಂಬಂಧಿಯೆಂದು ತಿಳಿದಾಗ, ವಲಸೆ ಹಕ್ಕಿಗಳು ಮೈಮೇಲಿನ ಉಣುಗುಗಳೊಡನೆ ಅದನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯೆದ್ದಿತು.

ಈ ಪ್ರಶ್ನೆಯ ಬೆನ್ನುಹತ್ತಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಾಲಿಂ ಅಲಿಯವರ ಮುಂದಾಳ್ತನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯ ದಾರಿಯನ್ನು ಗುರುತಿಸತೊಡಗಿತು. 1960ರ ದಶಕದಲ್ಲಿ ಈ ಕಾರ್ಯಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿತು. ಪೂರ್ವ ಏಷ್ಯಾದ ದೇಶಗಳಲ್ಲಿ ವಲಸೆ ಹಕ್ಕಿಗಳು ಮತ್ತು ಅವು ಹೊತ್ತೊಯ್ಯುವ ರೋಗಗಳ ಸಮೀಕ್ಷೆಯನ್ನು ಆ ಸೇನೆಯು 1963ರಿಂದ ನಡೆಸುತ್ತಿತ್ತು. ಭಾರತದ ಅಧ್ಯಯನವು ಆ ಜಾಲದೊಡನೆ ಕೂಡಿಕೊಂಡಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಕ್ರಮಣಕ್ಕಾಗಿ ರೋಗಾಸ್ತ್ರವನ್ನು ಸಿದ್ಧಪಡಿಸುವ ಯೋಜನೆಯನ್ನು ಅಮೆರಿಕವು ಕೈಬಿಟ್ಟುದು 1969ರ ನವೆಂಬರಿನಲ್ಲಿ. ಅಂದರೆ ಹಕ್ಕಿಯ ಕಾಲಿನ ಉಂಗುರಕ್ಕೆ ಹಣ ಕೊಟ್ಟ ಸೇನೆಯು ಆ ವರ್ಷಗಳಲ್ಲಿ ರೋಗಾಸ್ತ್ರವನ್ನೂ ಇರಿಸಿಕೊಂಡಿತ್ತು.

1974ರಲ್ಲಿ ಈ ಬಗೆಯ ಸಹಕಾರಗಳು ಪತ್ರಿಕೆಗಳಲ್ಲಿ ಬಯಲಾಗಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಗದ್ದಲದ ಕೇಂದ್ರದಲ್ಲಿದ್ದುದು ದೆಹಲಿಯ ಸೊಳ್ಳೆ ನಿಯಂತ್ರಣ ಘಟಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗಳು ಅಮೆರಿಕದ ಹಣದಿಂದ ನಡೆಸುತ್ತಿದ್ದ ಆ ಘಟಕವು ಸಂತಾನಶಕ್ತಿ ಕುಂದಿಸಿದ ಸೊಳ್ಳೆಗಳನ್ನು ಬಿಟ್ಟು ಸೊಳ್ಳೆಯ ವಂಶವನ್ನು ತಗ್ಗಿಸುವ ಪ್ರಯೋಗದಲ್ಲಿ ತೊಡಗಿತ್ತು. ಹರಿಯಾಣದ ಸೋನಿಪತ್‌ನಲ್ಲಿ ಬಿಡಲು ಉದ್ದೇಶಿಸಿದ್ದ ಸೊಳ್ಳೆಯು ಹಳದಿ ಜ್ವರವನ್ನು ಹರಡಬಲ್ಲ ಜಾತಿಯದು; ಹಳದಿ ಜ್ವರವಾದರೋ ಭಾರತದಲ್ಲಿಲ್ಲ. ಇಲ್ಲದ ರೋಗದ ವಾಹಕವನ್ನು ಪರದೇಶದ ಹಣದಲ್ಲಿ ಇಷ್ಟು ಆಸಕ್ತಿಯಿಂದ ಅಭ್ಯಸಿಸುವುದೇಕೆ ಎಂಬ ಶಂಕೆ ಮೂಡಿತು. ಅದೇ ಸೊಳ್ಳೆ ಡೆಂಗ್ಯೂವನ್ನೂ ಹರಡುತ್ತದೆ, ಡೆಂಗ್ಯೂ ಇಲ್ಲಿ ಉಂಟು ಎಂಬ ಸಮಾಧಾನವನ್ನು ಆ ಹೊತ್ತಿಗೆ ಕೇಳುವವರು ವಿರಳರಾಗಿದ್ದರು. ಸೋನಿಪತ್‌ನ ಪ್ರಯೋಗ ನಿಂತಿತು. 1975ರಲ್ಲಿ ಘಟಕವೂ ಮುಚ್ಚಿತು.

ಈ ಎಲ್ಲ ಸಹಕಾರಗಳನ್ನು ವಿಚಾರಣೆಗೊಳಪಡಿಸಿದ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1975ರಲ್ಲಿ ತನ್ನ 167ನೆಯ ವರದಿಯನ್ನು ಒಪ್ಪಿಸಿತು. ಭಾರತದ ಸಂಶೋಧನೆಯಲ್ಲಿ ವಿದೇಶೀಯರ ಪಾಲುದಾರಿಕೆ ಎಂಬುದು ಅದರ ವಿಷಯ. ಈ ವರದಿಯ ದೊಡ್ಡ ಗುಣವೆಂದರೆ, ವಿಜ್ಞಾನಿಯ ಸಚ್ಚಾರಿತ್ರ್ಯವೊಂದೇ ಸಾಕ್ಷ್ಯವೆಂದು ಅದು ಒಪ್ಪದಿದ್ದುದು. ಹಣವೆಲ್ಲಿಂದ ಬಂತು, ಸಂಗ್ರಹವಾದ ಮಾಹಿತಿ ಎಲ್ಲಿಗೆ ಹೋಯಿತು, ಯಾರ ಅನುಮತಿಯಿಂದ ಹೋಯಿತು ಎಂದು ಅದು ಕೇಳಿತು. ಹಕ್ಕಿಗಳ ದಾರಿಯನ್ನು ಬಲ್ಲವನು ರೋಗದ ದಾರಿಯನ್ನೂ ಊಹಿಸಬಲ್ಲನೆಂಬ ತಿಳಿವಳಿಕೆ ಅದರಲ್ಲಿತ್ತು. ಸಾಲಿಂ ಅಲಿಯವರಂತಹ ಹಿರಿಯರ ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಈ ಪ್ರಶ್ನೆಗಳನ್ನು ಕೇಳಬಹುದು. ಕರ್ತೃವಿನ ಭಾವಶುದ್ಧಿಯಿಂದ ಕಾರ್ಯದ ಫಲವೆಲ್ಲ ಶುದ್ಧವಾಗುವುದಿಲ್ಲ.

ಆದರೆ ವರದಿಯ ದೃಷ್ಟಿಗೆ ಒಂದು ಮಿತಿಯೂ ಇತ್ತು. ಅದರ ಶೀರ್ಷಿಕೆಯೇ ಸೂಚಿಸುವಂತೆ ಅದು ದೋಷವನ್ನು ಮುಖ್ಯವಾಗಿ ಪರಕೀಯತೆಯಲ್ಲಿ ಹುಡುಕಿತು. ವಿದೇಶದ ಸೇನೆಯ ಗೌಪ್ಯವು ಅಪಾಯಕರವಾದರೆ ಸ್ವದೇಶದ ಸೇನೆಯ ಗೌಪ್ಯವು ತಾನಾಗಿಯೇ ನಿರಪಾಯವಾಗುವುದೇ? ರಕ್ತ ಕೊಟ್ಟ ಕೂಲಿಯವನಿಗೆ ಆ ರಕ್ತದ ಗತಿಯನ್ನು ತಿಳಿಸುವ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಪರಕೀಯತೆಯ ಅಳತೆಗೋಲು ಸಾಲದು. ಹಕ್ಕಿ ಅಧ್ಯಯನವು ರೋಗಾಸ್ತ್ರಕ್ಕಾಗಿ ನಡೆಯಿತೆಂಬ ಶಂಕೆ ಸಾಬೀತಾಗಲಿಲ್ಲ. ಆದರೂ ಆ ಶಂಕೆಯ ನೆರಳು ನಿರುಪದ್ರವಿ ವಿದ್ಯೆಯ ಮೇಲೆಯೂ ಬಿದ್ದಿತು. ಮೊದಲೇ ಎಲ್ಲವನ್ನೂ ಬಹಿರಂಗಪಡಿಸಿದ್ದರೆ ಆ ನೆರಳಿಗೆ ಎಡೆಯಿರುತ್ತಿರಲಿಲ್ಲ. ಈ ತಪ್ಪಿನಲ್ಲಿ ಸೇನೆಯಷ್ಟೇ ಪಾಲು ನಾಗರಿಕ ಸಂಸ್ಥೆಗಳದೂ ಹೌದು.

ಸ್ವದೇಶದ ಗೌಪ್ಯವೂ ಕೊಲ್ಲಬಲ್ಲುದೆಂಬುದಕ್ಕೆ ಕುರುಗೋಡಿನ ಕುರಿಗಾಹಿಗಳಿಗೂ ಅರ್ಥವಾಗುವ ನಿದರ್ಶನವಿದೆ. ಕುರಿ ದನಗಳು ಹಠಾತ್ತನೆ ಸತ್ತು ಮೂಗು ಬಾಯಿಗಳಿಂದ ರಕ್ತ ಸೋರುವ ನೆರಡಿ ರೋಗವನ್ನು ವೈದ್ಯರು ಆಂಥ್ರಾಕ್ಸ್ ಎನ್ನುತ್ತಾರೆ. ಅದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಆದುದರಿಂದಲೇ ಹಾಗೆ ಸತ್ತ ಪ್ರಾಣಿಯನ್ನು ಕೊಯ್ಯದೆ ಆಳವಾಗಿ ಹೂಳಬೇಕೆಂಬ ನಿಯಮ. ಇದೇ ರೋಗಾಣುವನ್ನು ಸೋವಿಯತ್ ಸೇನೆಯು ಸ್ವೆರ್ಡ್‌ಲೋವ್ಸ್ಕ್ ನಗರದ ತನ್ನ ನೆಲೆಯಲ್ಲಿ ಅಸ್ತ್ರವಾಗಿ ಬೆಳೆಸುತ್ತಿತ್ತು. 1979ರಲ್ಲಿ ಅದು ಗಾಳಿಗೆ ಸೋರಿ ಕನಿಷ್ಠ 66 ಮಂದಿ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರ್ಕಾರ ಹೇಳಿತು. ಕಾರಣವು ಸೇನೆಯದೆಂದು ಅಧ್ಯಕ್ಷ ಯೆಲ್ತ್ಸಿನ್ ಒಪ್ಪಿಕೊಂಡುದು 1992ರಲ್ಲಿ. ಸತ್ತವರು ಆ ದೇಶದ ಪ್ರಜೆಗಳೇ. ಅಮೆರಿಕದಲ್ಲಿ 2001ರಲ್ಲಿ ಆಂಥ್ರಾಕ್ಸ್ ಪುಡಿಯಿದ್ದ ಕಾಗದಗಳು ಅಂಚೆಯಲ್ಲಿ ಬಂದು ಐವರು ಸತ್ತಾಗಲೂ, ಅದನ್ನು ಕಳುಹಿಸಿದವನು ಅಲ್ಲಿನ ಸೇನೆಯ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಯೆಂದು ತನಿಖೆಯವರು ತೀರ್ಮಾನಿಸಿದರು. ಆತನು ವಿಚಾರಣೆಗೆ ಮುನ್ನವೇ ಸತ್ತುದರಿಂದ ನ್ಯಾಯಾಲಯದ ನಿರ್ಣಯವಾಗಲಿಲ್ಲ.

ರೋಗಾಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 1972ರಲ್ಲಿ ಸಿದ್ಧವಾಗಿ 1975ರಲ್ಲಿ ಜಾರಿಗೆ ಬಂದಿತು. ಭಾರತವು 1974ರಲ್ಲೇ ಅದನ್ನು ಅನುಮೋದಿಸಿತ್ತು. ಸೋವಿಯತ್ ಒಕ್ಕೂಟವೂ ಅದಕ್ಕೆ ಸಹಿ ಹಾಕಿತ್ತು. ಆದರೆ ಸಹಿ ಹಾಕಿದವರು ನಡೆದುಕೊಂಡರೇ ಎಂದು ಪರಿಶೀಲಿಸುವ ಏರ್ಪಾಡು ಆ ಒಪ್ಪಂದದಲ್ಲಿಲ್ಲ. ರಕ್ಷಣೆಗಾಗಿ ರೋಗಾಣುವನ್ನು ಅಭ್ಯಸಿಸುವುದಕ್ಕೆ ಅದು ಅವಕಾಶ ಕೊಡುತ್ತದೆ. ರಕ್ಷಣೆಗೂ ಆಕ್ರಮಣಕ್ಕೂ ಬೇಕಾದ ವಿದ್ಯೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಉದ್ದೇಶವನ್ನು ಅರಿಯಲು ಬಾಗಿಲು ತೆರೆದಿರಬೇಕಾದುದು ಅನಿವಾರ್ಯ.

ಈ ವಿಷಯದಲ್ಲಿ ಶ್ರಾವಕಾಚಾರದ ವಿವೇಚನೆ ಉಪಯುಕ್ತವಾದುದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ತಾರತಮ್ಯ ತೋರಿದ್ದಾರೆ. ರೋಗಾಸ್ತ್ರದ ತಯಾರಿಕೆಯು ಸಂಕಲ್ಪೀ ಹಿಂಸೆಯ ಪರಾಕಾಷ್ಠೆ. ರೋಗದ ಪತ್ತೆಯಾದರೋ ಹಿಂಸೆಯೇ ಅಲ್ಲ. ಅದು ಜೀವರಕ್ಷೆಯ ಸಾಧನ. ಮಲೇಷ್ಯಾದಲ್ಲಿ 1998 ಮತ್ತು 1999ರಲ್ಲಿ ಹಂದಿ ಸಾಕುವವರು ಸಾಯತೊಡಗಿದಾಗ, ಅದನ್ನು ಮೊದಲು ಮೆದುಳು ಜ್ವರವೆಂದೇ ಬಗೆದು ಸೊಳ್ಳೆಗಳ ಮೇಲೆ ಔಷಧ ಸಿಂಪಡಿಸಲಾಯಿತು. ಅದು ನಿಫಾ ಎಂಬ ಹೊಸ ವೈರಾಣುವೆಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ನೂರಕ್ಕೂ ಮಿಕ್ಕಿ ಜನರು ಸತ್ತರು; ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಲಾಯಿತು. ರೋಗವನ್ನು ಬೇಗನೆ, ಸರಿಯಾಗಿ ಗುರುತಿಸುವ ವಿದ್ಯೆಯು ಜೀವದಯೆಗೆ ಎಷ್ಟು ಸಮೀಪದ್ದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಆದುದರಿಂದ ಸೇನೆಯ ಪ್ರಯೋಗಾಲಯದಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ಇಂತಹ ವಿದ್ಯೆಯನ್ನು ತಿರಸ್ಕರಿಸುವುದು ಅವಿವೇಕ. ಮೆದುಳು ಜ್ವರದ ಹಿಂದಿನ ಒಂದು ಲಸಿಕೆಯ ಗುಣ ದೃಢಪಟ್ಟುದು ಕೂಡ 1984ರಲ್ಲಿ ಥಾಯ್ಲೆಂಡಿನಲ್ಲಿ ಆರಂಭವಾದ ಪರೀಕ್ಷೆಯಲ್ಲಿ. ಅಲ್ಲಿನ ಆರೋಗ್ಯ ಇಲಾಖೆ ಮತ್ತು ಅಮೆರಿಕದ ಸೇನೆಯ ವೈದ್ಯರು ಕೂಡಿ ಸುಮಾರು 65,000 ಮಕ್ಕಳಲ್ಲಿ ಅದನ್ನು ನಡೆಸಿದ್ದರು.

ಹಾಗಾದರೆ ದೋಷವಿರುವುದೆಲ್ಲಿ? ಅಣುವ್ರತಗಳಲ್ಲಿ ಅಚೌರ್ಯದ ಲಕ್ಷಣವನ್ನು ನೆನೆದರೆ ಉತ್ತರ ದೊರೆಯುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಜ್ವರ ಬಂದವನು ತನ್ನ ಜ್ವರದ ಕಾರಣ ತಿಳಿಯಲೆಂದು ತೋಳು ಚಾಚುತ್ತಾನೆ. ಅವನು ಕೊಟ್ಟುದು ಅಷ್ಟಕ್ಕೇ. ಅದೇ ರಕ್ತವನ್ನು ಅವನಿಗೆ ತಿಳಿಸದೆ ಬೇರೊಂದು ಉದ್ದೇಶಕ್ಕೆ ಬಳಸಿದರೆ, ಆ ಉದ್ದೇಶವು ಎಷ್ಟೇ ಘನವಾಗಿರಲಿ, ಅದು ಕೊಡದೆ ಪಡೆದುದಾಗುತ್ತದೆ. ಬಳಸಿದವನು ಪರದೇಶದವನೇ ಸ್ವದೇಶದವನೇ, ಸೈನಿಕನೇ ನಾಗರಿಕನೇ ಎಂಬುದರಿಂದ ಈ ದೋಷದ ಸ್ವರೂಪ ಬದಲಾಗದು. ಸಂಸದೀಯ ಸಮಿತಿಯು ರಾಷ್ಟ್ರದ ಒಪ್ಪಿಗೆಯನ್ನು ಅಳತೆಗೋಲಾಗಿ ಹಿಡಿಯಿತು. ವ್ರತದೃಷ್ಟಿಯು ಕೊಟ್ಟವನ ಒಪ್ಪಿಗೆಯನ್ನು ಅಳತೆಗೋಲಾಗಿ ಹಿಡಿಯುತ್ತದೆ. ಎರಡನೆಯದು ಹೆಚ್ಚು ಕಠಿಣವಾದುದು. ಪ್ರಮಾದದಿಂದಾಗುವ ಪ್ರಾಣಹಾನಿಯನ್ನು ಹಿಂಸೆಯೆಂದೇ ಎಣಿಸಿದ ಪರಂಪರೆಗೆ ಸ್ವೆರ್ಡ್‌ಲೋವ್ಸ್ಕ್‌ನಂತಹ ಸೋರಿಕೆಯನ್ನು ಕೇವಲ ಅಪಘಾತವೆಂದು ಕ್ಷಮಿಸುವುದೂ ಸಾಧ್ಯವಿಲ್ಲ.

ಈ ತತ್ತ್ವವು ಬಳ್ಳಾರಿ ಸೀಮೆಗೆ ದೂರದ್ದೇನಲ್ಲ. ಬ್ರಿಟಿಷರ ಕಾಲದ ಸೈನ್ಯದ ನೆನಪು ಕಂಟೋನ್ಮೆಂಟ್ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವ ನಗರವದು. ಸಿರುಗುಪ್ಪ, ಕುರುಗೋಡುಗಳ ಹಳ್ಳಿಗಳಿಂದ ಜ್ವರಪೀಡಿತ ಮಕ್ಕಳನ್ನು ತಾಯ್ತಂದೆಯರು ಕರೆತರುವುದು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೇ. ಸಂಶೋಧನೆಗೆ ಒಳಪಡುವವನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ನೈತಿಕ ಸೂತ್ರಗಳಲ್ಲಿ ವಿಧಿಸಿದೆ. ಗಡಿಯಂಚಿನ ಸಿರುಗುಪ್ಪದಲ್ಲಿ ಆ ಭಾಷೆ ಒಮ್ಮೆ ಕನ್ನಡವಾಗಿರಬಹುದು, ಒಮ್ಮೆ ತೆಲುಗಾಗಿರಬಹುದು. ಹೆಬ್ಬೆಟ್ಟು ಒತ್ತುವವನಿಗೆ ಓದಿ ಹೇಳುವ ತಾಳ್ಮೆಯಿಲ್ಲದಿದ್ದರೆ ಸೂತ್ರವು ಕಾಗದದಲ್ಲೇ ಉಳಿಯುತ್ತದೆ.

ಬಸದಿಗಳ ಟ್ರಸ್ಟುಗಳು, ಸಮಾಜದ ಶಾಲೆಗಳು, ಕಲ್ಯಾಣ ಮಂಟಪಗಳು ಆರೋಗ್ಯ ಶಿಬಿರಕ್ಕೂ ರಕ್ತಪರೀಕ್ಷೆಗೂ ಸ್ಥಳ ಕೊಡುವುದುಂಟು. ಸ್ಥಳ ಕೊಡುವವರಿಗೆ ಕೇಳುವ ಅಧಿಕಾರವೂ ಉಂಟು. ಈ ರಕ್ತವನ್ನು ಯಾವ ಸಂಸ್ಥೆಗಾಗಿ ತೆಗೆಯಲಾಗುತ್ತಿದೆ? ಯಾವ ಪರೀಕ್ಷೆಗೆ? ಉಳಿದುದನ್ನು ಎಲ್ಲಿ, ಎಷ್ಟು ಕಾಲ ಇರಿಸಲಾಗುವುದು? ಫಲಿತಾಂಶವನ್ನು ಕೊಟ್ಟವರಿಗೆ ಯಾರು, ಎಂದು ತಿಳಿಸುವರು? ಈ ನಾಲ್ಕು ಪ್ರಶ್ನೆಗಳಿಗೆ ಬರೆವಣಿಗೆಯಲ್ಲಿ ಉತ್ತರ ಪಡೆದು ಬಾಗಿಲ ಬಳಿ ಹಚ್ಚಿದರೆ ಪ್ರಾಮಾಣಿಕನಾದ ಸಂಶೋಧಕನಿಗೆ ಯಾವ ಅಡ್ಡಿಯೂ ಆಗದು. ಲಸಿಕೆಗೆ ಬಂದ ತಾಯಿಗೂ ಅದರಿಂದ ಧೈರ್ಯವೇ ಹೆಚ್ಚುತ್ತದೆ. 1974ರಲ್ಲಿ ಸಂಸತ್ತು ತಡವಾಗಿ ಕೇಳಿದುದನ್ನು ಶಿಬಿರದ ಬಾಗಿಲಲ್ಲಿ ಮೊದಲೇ ಕೇಳಿದಂತಾಗುತ್ತದೆ.